ಕೊನೆಯ ಸಾಲಿನಲ್ಲಿ ಕುಳಿತು ನೋಡಿ: ಶಾಲೆಯ ಕೊಠಡಿಯನ್ನು ಕಲಿಕೆಗೆ ಹದಗೊಳಿಸುವ ಬಗೆ

ಶಾಲೆಯ ಫಲಿತಾಂಶ ಇಳಿದಾಗ ನಾವು ಮೊದಲು ಮಕ್ಕಳನ್ನು ದೂರುತ್ತೇವೆ, ಆಮೇಲೆ ಶಿಕ್ಷಕರನ್ನು, ಅದೂ ಸಾಲದಾದಾಗ ಪಾಲಕರನ್ನು. ಆ ಮಕ್ಕಳು ದಿನಕ್ಕೆ ಐದಾರು ಗಂಟೆ ಕುಳಿತಿರುವ ಕೊಠಡಿಯನ್ನು ಯಾರೂ ವಿಚಾರಿಸುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷ ಪಾಠ ಮಾಡಿದ ಮೇಲೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವ ಸಂಗತಿಯೊಂದಿದೆ. ಮಗುವಿನ ಗಮನ ಕೊಡದಲ್ಲಿ ತಂದ ನೀರಿನ ಹಾಗೆ, ಇರುವುದೇ ಅಷ್ಟು. ಬೋರ್ಡಿನ ಮೇಲಿನ ಅಕ್ಷರವನ್ನು ಗುರುತಿಸಲು, ಪಕ್ಕದ ತರಗತಿಯ ಗದ್ದಲದ ನಡುವೆ ಶಿಕ್ಷಕರ ಮಾತನ್ನು ಹೆಕ್ಕಿಕೊಳ್ಳಲು, ಸೆಕೆಯನ್ನು ತಾಳಲು, ತಪ್ಪು ಹೇಳಿದರೆ ಏನಾಗುವುದೋ ಎಂಬ ಅಂಜಿಕೆಯನ್ನು ಅದುಮಿಡಲು ಅದು ಖರ್ಚಾದಷ್ಟೂ ಪಾಠಕ್ಕೆ ಉಳಿಯುವುದು ಕಡಿಮೆ. ಕಲಿಕೆಯ ಪರಿಸರವನ್ನು ಸರಿಪಡಿಸುವುದೆಂದರೆ ಈ ಸೋರಿಕೆಗಳನ್ನು ಹುಡುಕಿ ಒಂದೊಂದಾಗಿ ಮುಚ್ಚುವುದು. ಅದಕ್ಕೆ ಹೊಸ ಕಟ್ಟಡ ಬೇಕಾಗುವುದು ಅಪರೂಪ. ಕರ್ನಾಟಕದ ಒಂದು ಸಾಮಾನ್ಯ ಸರ್ಕಾರಿ ಶಾಲೆಯನ್ನು ಕಣ್ಣ ಮುಂದಿಟ್ಟುಕೊಂಡು, ಮುಖ್ಯ ಶಿಕ್ಷಕರು, ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಈ ಕೆಲಸಕ್ಕೆ ಯಾವ ಕ್ರಮದಲ್ಲಿ ಇಳಿಯಬಹುದೆಂದು ಇಲ್ಲಿ ವಿವರಿಸಿದ್ದೇನೆ.

ಕೊಠಡಿಗೂ ಕಲಿಕೆಗೂ ನಂಟಿದೆ ಎಂಬುದು ಬರಿಯ ಅನಿಸಿಕೆಯೇ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಬ್ಯಾರೆಟ್ ಮತ್ತು ಅವರ ಸಂಗಡಿಗರು 27 ಪ್ರಾಥಮಿಕ ಶಾಲೆಗಳ 153 ಕೊಠಡಿಗಳನ್ನು ಅಳೆದು, ಅಲ್ಲಿನ 3,766 ಮಕ್ಕಳ ಒಂದು ವರ್ಷದ ಪ್ರಗತಿಯೊಂದಿಗೆ ಹೋಲಿಸಿ, ಮಕ್ಕಳ ಪ್ರಗತಿಯಲ್ಲಿ ಕಂಡ ವ್ಯತ್ಯಾಸದ ಶೇಕಡ 16ರಷ್ಟು ಭಾಗ ಕೊಠಡಿಯ ಭೌತಿಕ ಗುಣಗಳೊಂದಿಗೆ ತಳುಕು ಹಾಕಿಕೊಂಡಿದೆ ಎಂದು 2015ರಲ್ಲಿ ವರದಿ ಮಾಡಿದರು. ಅದರಲ್ಲಿ ಸುಮಾರು ಅರ್ಧ ಪಾಲು ಬೆಳಕು, ಉಷ್ಣತೆ, ಗಾಳಿ ಇಂಥ ಸರಳ ಸಂಗತಿಗಳದು. ಇಂಗ್ಲೆಂಡಿನ ಚಳಿಯ ಊರುಗಳ ಅಂಕಿಯನ್ನು ರಾಯಚೂರಿಗೋ ಶಿರಸಿಗೋ ನೇರವಾಗಿ ಅನ್ವಯಿಸಲಾಗದು. ಆದರೂ ಆ ಅಧ್ಯಯನದಲ್ಲಿ ಲೆಕ್ಕಕ್ಕೆ ಬಂದದ್ದು ಶಾಲೆಯ ಒಟ್ಟು ಅಂದಚಂದಕ್ಕಿಂತ ಮಗು ಕುಳಿತ ಒಂದೊಂದು ಕೊಠಡಿಯ ಸ್ಥಿತಿ ಎಂಬುದು ನಮಗೂ ದಾರಿ ತೋರಿಸುತ್ತದೆ. ಗೇಟಿಗೆ ಕಮಾನು ಕಟ್ಟಿಸುವ ಹಣವಿದ್ದರೆ ಅದನ್ನು ಏಳನೇ ತರಗತಿಯ ಕಿಟಕಿಗೆ ಬಳಸುವುದು ಮೇಲು.

ಮೊದಲ ಕೆಲಸ: ಒಂದು ಅವಧಿ ಮಗುವಿನ ಜಾಗದಲ್ಲಿ

ಯಾವುದೇ ಖರ್ಚಿಗೆ ಮೊದಲು ಮುಖ್ಯ ಶಿಕ್ಷಕರು ಪ್ರತಿ ಕೊಠಡಿಯಲ್ಲಿ ಒಂದು ಪೂರ್ತಿ ಅವಧಿ ಮಕ್ಕಳ ನಡುವೆ ಕುಳಿತುಕೊಳ್ಳಬೇಕು. ತನಿಖೆಗೆ ಬಂದವರಂತೆ ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕೂರಬಾರದು. ಮಕ್ಕಳು ನೆಲದ ಮೇಲೆ ಕೂರುತ್ತಿದ್ದರೆ ನೆಲದ ಮೇಲೆ, ಡೆಸ್ಕಿನಲ್ಲಿ ಕೂರುತ್ತಿದ್ದರೆ ಡೆಸ್ಕಿನಲ್ಲಿ, ಮಗುವಿನ ಕಣ್ಣಿನ ಎತ್ತರದಲ್ಲಿ ಕುಳಿತು, ಹದಿನೈದು ನಿಮಿಷಕ್ಕೊಮ್ಮೆ ಮೂಲೆ ಬದಲಿಸಬೇಕು. ಬೋರ್ಡಿನ ಮೇಲೆ ಬರೆದದ್ದನ್ನು ಮಗುವಿನಂತೆಯೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು. ಎಲ್ಲಿ ಕಣ್ಣು ಕಿರಿದಾಗಿಸಬೇಕಾಯಿತು, ಯಾವ ಮಾತು ಕೇಳಿಸಲಿಲ್ಲ, ಬೆನ್ನು ಯಾವಾಗ ನೋಯಲು ಶುರುವಾಯಿತು, ಯಾವ ಕಿಟಕಿಯಿಂದ ಶೌಚಾಲಯದ ವಾಸನೆ ಅಥವಾ ಬಿಸಿಯೂಟದ ಒಗ್ಗರಣೆಯ ಘಾಟು ಬಂತು ಎಂಬುದನ್ನು ಹೊತ್ತಿನ ಸಮೇತ ಗುರುತು ಹಾಕಿಕೊಳ್ಳಬೇಕು. ಬೆಳಗಿನ ಮೊದಲ ಅವಧಿಯಲ್ಲಿ ಒಮ್ಮೆ, ಊಟವಾದ ಮೇಲೆ ಇನ್ನೊಮ್ಮೆ ಕೂರುವುದು ಅಗತ್ಯ, ಏಕೆಂದರೆ ಬಿಸಿಲಿನ ದಿಕ್ಕು ಬದಲಾದಂತೆ ಕೊಠಡಿಯೂ ಬೇರೆಯದೇ ಆಗುತ್ತದೆ.

ಒಂದು ವರ್ಷ ಎಂಟನೇ ತರಗತಿಯ ಹುಡುಗನೊಬ್ಬನನ್ನು ನಾನು ಸೋಮಾರಿಯೆಂದೇ ತಿಳಿದಿದ್ದೆ. ಅವನು ಮಧ್ಯಾಹ್ನದ ಗಣಿತದ ಅವಧಿಯಲ್ಲಿ ಲೆಕ್ಕವನ್ನು ಅರ್ಧಕ್ಕೇ ಬಿಡುತ್ತಿದ್ದ. ಅವನ ಜಾಗದಲ್ಲಿ ಕುಳಿತ ದಿನ ನನಗೆ ಕಂಡದ್ದು ಇಷ್ಟು: ಮೂರು ಗಂಟೆಯ ಬಿಸಿಲು ಎದುರಿನ ಕಿಟಕಿಯಿಂದ ಬೋರ್ಡಿನ ಬಲಭಾಗಕ್ಕೆ ಬಡಿದು, ಅಲ್ಲಿ ಬರೆದ ಅಕ್ಷರವೆಲ್ಲ ಹೊಳಪಿನಲ್ಲಿ ಅಳಿಸಿಹೋಗುತ್ತಿತ್ತು. ಲೆಕ್ಕದ ಕೊನೆಯ ಹಂತಗಳೆಲ್ಲ ಇರುತ್ತಿದ್ದದ್ದು ಅದೇ ಬಲಭಾಗದಲ್ಲಿ. ಅವನನ್ನು ಬೈದ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೆಳಕು ಮತ್ತು ಬೋರ್ಡು

ಬೆಳಕಿನ ವಿಷಯದಲ್ಲಿ ಕತ್ತಲೆ ಮತ್ತು ಪ್ರಖರತೆ ಎರಡೂ ತೊಂದರೆಯೇ. ಓದುಬರಹದ ಕೊಠಡಿಗೆ ಸುಮಾರು 300 ಲಕ್ಸ್ ಬೆಳಕು ಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಳತೆ. ಮೊಬೈಲ್ ಫೋನಿನಲ್ಲಿ ಸಿಗುವ ಉಚಿತ ಆ್ಯಪ್‌ಗಳು ಇದನ್ನು ಅಂದಾಜಾಗಿ ತೋರಿಸುತ್ತವೆ. ಫೋನನ್ನು ಮಗುವಿನ ಪುಸ್ತಕದ ಮೇಲಿಟ್ಟು ಕಿಟಕಿಯ ಪಕ್ಕ, ಕೊಠಡಿಯ ನಡುವೆ, ಒಳಮೂಲೆಯಲ್ಲಿ ಅಳೆದರೆ ಒಂದೇ ಕೊಠಡಿಯೊಳಗೆ ಎಷ್ಟು ಅಂತರವಿದೆಯೆಂದು ತಿಳಿದು ಅಚ್ಚರಿಯಾಗುತ್ತದೆ. ಒಳಮೂಲೆ ಕತ್ತಲಾಗಿದ್ದರೆ ಮೊದಲು ಕಿಟಕಿಯ ಮುಂದಿರುವ ಬೀರು, ಹಳೆಯ ಡೆಸ್ಕುಗಳ ರಾಶಿ, ಬಳ್ಳಿ ಇವನ್ನು ತೆಗೆಯಬೇಕು, ಗೋಡೆ ಮತ್ತು ಸೂರಿನ ಒಳಬದಿಗೆ ಬಿಳಿ ಸುಣ್ಣ ಹೊಡೆಸಬೇಕು. ಹಂಚಿನ ಸೂರಾದರೆ ನಾಲ್ಕಾರು ಹಂಚುಗಳನ್ನು ತೆಗೆದು ಗಾಜಿನ ಹಂಚು ಕೂರಿಸಿದರೆ ಹಗಲಿನ ದೀಪದ ಅಗತ್ಯವೇ ಕಡಿಮೆಯಾಗುತ್ತದೆ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಇದು ಹಿಂದಿನಿಂದ ಬಂದ ಉಪಾಯ.

ಬೋರ್ಡಿಗೆ ಎದುರಾಗಿ ದೊಡ್ಡ ಕಿಟಕಿಯಿದ್ದರೆ ಹೊಳಪು ತಪ್ಪುವುದಿಲ್ಲ. ಬೋರ್ಡನ್ನು ಬೇರೆ ಗೋಡೆಗೆ ಸರಿಸಲು ಆಗದಿದ್ದರೆ ಆ ಕಿಟಕಿಗೆ ಹೊರಗಿನಿಂದ ಚಾಪೆ ಅಥವಾ ಬಿದಿರಿನ ತಟ್ಟಿಯ ಮರೆ ಕಟ್ಟಬೇಕು. ಒಳಗಿನಿಂದ ದಪ್ಪ ಪರದೆ ಹಾಕಿದರೆ ಬೆಳಕಿನ ಜೊತೆಗೆ ಗಾಳಿಯೂ ನಿಲ್ಲುತ್ತದೆ. ಕಿಟಕಿಯ ಬೆಳಕು ಮಕ್ಕಳ ಎಡಗಡೆಯಿಂದ ಬೀಳುವಂತೆ ಸಾಲು ಹಾಕಿದರೆ ಬಲಗೈಯಲ್ಲಿ ಬರೆಯುವವರ ಕೈನೆರಳು ಅಕ್ಷರದ ಮೇಲೆ ಬೀಳದು. ಎಡಗೈ ಮಕ್ಕಳಿದ್ದರೆ ಅವರನ್ನು ಸಾಲಿನ ಎಡತುದಿಗೆ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಬೋರ್ಡು ಬೆಳ್ಳಗಾಗಿದ್ದರೆ ವರ್ಷಕ್ಕೊಮ್ಮೆಯಾದರೂ ಹೊಳಪಿಲ್ಲದ ಕರಿಬಣ್ಣ ಹೊಡೆಸಬೇಕು. ಇದ್ದಿಲು ಅರೆದು ಸೊಪ್ಪಿನ ರಸದಲ್ಲಿ ಕಲಸಿ ಹಲಗೆಗೆ ಬಳಿಯುತ್ತಿದ್ದ ಕಾಲದ ಮೇಷ್ಟ್ರಿಗೆ ಬೋರ್ಡಿನ ಕಪ್ಪು ಎಷ್ಟು ಮುಖ್ಯವೆಂದು ಗೊತ್ತಿತ್ತು. ಬರೆಯುವ ಅಕ್ಷರ ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಪರೀಕ್ಷೆ ಸುಲಭ: ಒತ್ತಕ್ಷರವುಳ್ಳ ನಾಲ್ಕು ಪದ ಬರೆದು, ಕೊನೆಯ ಸಾಲಿನ ಮಗು ಕುಳಿತಲ್ಲಿಂದಲೇ ಅವನ್ನು ತಡವರಿಸದೆ ಓದಬಲ್ಲದೇ ಎಂದು ನೋಡಿ. ಕನ್ನಡದಲ್ಲಿ ಒತ್ತು ಕಾಣದಿದ್ದರೆ ಪದವೇ ಬದಲಾಗುತ್ತದೆ.

ಈ ಪರೀಕ್ಷೆಯಲ್ಲಿ ಎಲ್ಲರೂ ಓದಿ ಒಂದಿಬ್ಬರು ಮಾತ್ರ ತಡವರಿಸಿದರೆ ಅದು ಬೋರ್ಡಿನ ದೋಷವಲ್ಲ, ಕಣ್ಣಿನ ದೋಷವಿರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಆ ಹೆಸರುಗಳನ್ನು ಮೊದಲೇ ಬರೆದಿಟ್ಟು ತೋರಿಸಬೇಕು. ಕನ್ನಡಕ ಬಂದ ಮೇಲೆ ಹುಡುಗಿಯೊಬ್ಬಳು ಅದನ್ನು ಹಾಕಿಕೊಳ್ಳದೆ ಚೀಲದಲ್ಲೇ ಇಟ್ಟಿದ್ದರೆ, ತರಗತಿಯಲ್ಲಿ ಯಾರು ಏನೆಂದು ಗೇಲಿ ಮಾಡಿದರು ಎಂದು ವಿಚಾರಿಸುವುದೂ ಈ ಕೆಲಸದ ಭಾಗವೇ.

ಸದ್ದು

ನನ್ನ ಅನುಭವದಲ್ಲಿ ನಮ್ಮ ಶಾಲೆಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವ ಮತ್ತು ಅತಿ ಕಡಿಮೆ ಚರ್ಚೆಗೆ ಬರುವ ಸಂಗತಿ ಸದ್ದು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಎತ್ತರದ ರೈಲುಹಳಿಯ ಪಕ್ಕದಲ್ಲಿದ್ದ ಶಾಲೆಯೊಂದನ್ನು ಆರ್ಲೀನ್ ಬ್ರಾನ್ಜಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ ಅಧ್ಯಯನ ಮಾಡಿ 1975ರಲ್ಲಿ ಪ್ರಕಟಿಸಿದರು. ಒಂದೇ ಶಾಲೆ, ಒಂದೇ ಪಠ್ಯ. ಆದರೆ ಹಳಿಯ ಕಡೆಗಿದ್ದ ಕೊಠಡಿಗಳ ಮಕ್ಕಳು ಓದಿನಲ್ಲಿ ಇನ್ನೊಂದು ಬದಿಯ ಮಕ್ಕಳಿಗಿಂತ ಹಿಂದಿದ್ದರು, ಆರನೇ ತರಗತಿಯ ಹೊತ್ತಿಗೆ ಆ ಅಂತರ ಒಂದು ವರ್ಷದ ಹತ್ತಿರಕ್ಕೆ ಬಂದಿತ್ತು. ಆಮೇಲೆ ಹಳಿಗಳ ಕೆಳಗೆ ರಬ್ಬರಿನ ಪಟ್ಟಿ ಹಾಕಲಾಯಿತು, ಆ ಕೊಠಡಿಗಳ ಸೂರಿಗೆ ಸದ್ದು ಹೀರುವ ಹೊದಿಕೆ ಹೊದಿಸಲಾಯಿತು. 1981ರಲ್ಲಿ ಮತ್ತೆ ಅಳೆದಾಗ ಎರಡೂ ಬದಿಯ ಮಕ್ಕಳ ಓದಿನಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಅಷ್ಟು ವರ್ಷ ಆ ಮಕ್ಕಳ ದೌರ್ಬಲ್ಯದಂತೆ ಕಂಡದ್ದು ರೈಲಿನ ಸದ್ದಿನ ಪರಿಣಾಮವಾಗಿತ್ತು.

ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಹೆದ್ದಾರಿಯ ಬದಿಯ ಶಾಲೆಗೆ ಅದು ಸುಲಭಕ್ಕೆ ಎಟುಕುವ ಗುರಿಯಲ್ಲ. ಆದರೆ ನಮ್ಮ ಶಾಲೆಗಳ ಸದ್ದಿನಲ್ಲಿ ಬಹುಪಾಲು ಹೊರಗಿನಿಂದ ಬರುವುದಿಲ್ಲ, ಒಳಗೇ ಹುಟ್ಟುತ್ತದೆ. ಒಂದು ಹಾಲಿನ ನಡುವೆ ಬೀರು ಅಡ್ಡ ಇಟ್ಟು ಎರಡು ತರಗತಿ ನಡೆಸುವುದು, ಪಕ್ಕದ ಕೊಠಡಿಯಲ್ಲಿ ಮಗ್ಗಿ ಕೂಗಿಸುವಾಗ ಇಲ್ಲಿ ವ್ಯಾಕರಣ ಹೇಳುವುದು, ಮೈದಾನದ ಕಡೆಯ ಕೊಠಡಿಗೆ ಹತ್ತನೇ ತರಗತಿಯನ್ನು ಹಾಕುವುದು, ಇವೆಲ್ಲ ವೇಳಾಪಟ್ಟಿಯನ್ನು ತಿದ್ದಿದರೆ ಸರಿಹೋಗುವಂಥವು. ಆದ್ದರಿಂದ ಶಿಕ್ಷಕರೆಲ್ಲ ಒಮ್ಮೆ ಸೇರಿ, ಯಾವ ಯಾವ ಅವಧಿಯಲ್ಲಿ ಯಾವ ಕೊಠಡಿಯಲ್ಲಿ ಗಟ್ಟಿಯಾಗಿ ಹೇಳಿಸುವ ಪಾಠ ನಡೆಯುತ್ತದೆಂದು ಗುರುತಿಸಿ, ಅಕ್ಕಪಕ್ಕದ ಕೊಠಡಿಗಳಲ್ಲಿ ಒಂದೇ ಹೊತ್ತಿಗೆ ಗಟ್ಟಿ ಪಾಠ ಅಥವಾ ಒಂದೇ ಹೊತ್ತಿಗೆ ಮೌನ ಓದು ಬರುವಂತೆ ಹೊಂದಿಸಬೇಕು. ಆಟದ ಅವಧಿಯಿರುವಾಗ ಮೈದಾನದ ಕಡೆಯ ಕೊಠಡಿಯಲ್ಲಿ ಚಿತ್ರಕಲೆ ಅಥವಾ ಪ್ರಯೋಗದ ಪಾಠವಿರಲಿ. ಒಂದೇ ಹಾಲಿನಲ್ಲಿ ಎರಡು ತರಗತಿ ಅನಿವಾರ್ಯವಾದರೆ ಎರಡರ ಬೋರ್ಡುಗಳೂ ಎದುರುಬದುರಿನ ಹೊರಗೋಡೆಗಳಿಗಿರಲಿ. ಆಗ ಇಬ್ಬರು ಶಿಕ್ಷಕರೂ ತಮ್ಮ ತಮ್ಮ ತುದಿಯಲ್ಲಿ ನಿಂತಿರುವುದರಿಂದ ಅವರ ಮಾತು ಮುಂದಿರುವ ಮಕ್ಕಳಿಗೆ ಹತ್ತಿರದಿಂದ ಕೇಳಿಸುತ್ತದೆ.

ತಗಡಿನ ಮಾಡಿನ ಕೊಠಡಿಯಲ್ಲಿ ಜೋರುಮಳೆ ಬಂದರೆ ಪಾಠ ಮುಂದುವರಿಸುವುದು ವ್ಯರ್ಥ. ಮಾಡಿನ ಕೆಳಗೆ ಬಿದಿರಿನ ತಟ್ಟಿ ಅಥವಾ ತೆಂಗಿನ ನಾರಿನ ಚಾಪೆ ಕಟ್ಟಿಸಿದರೆ ಸದ್ದೂ ಕಡಿಮೆಯಾಗುತ್ತದೆ, ಸೆಕೆಯೂ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕೊಠಡಿಗೆ ‘ಮಳೆಯ ಪಾಠ’ವೆಂದು ಬರವಣಿಗೆಯ ಕೆಲಸವನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ಇನ್ನೊಂದು ಮಾತು. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ಕೊಂಕಣಿ ಆಡುವ ಮಗುವಿಗೆ ಕನ್ನಡದ ಪಾಠ ಗದ್ದಲದಲ್ಲಿ ಅರ್ಧ ಕೇಳಿಸಿದರೆ ಉಳಿದರ್ಧವನ್ನು ಊಹಿಸಿಕೊಳ್ಳುವುದು ಕಷ್ಟ; ಮನೆಮಾತು ಕನ್ನಡವಾದ ಮಗು ಸಂದರ್ಭದಿಂದ ಊಹಿಸಿಕೊಳ್ಳುತ್ತದೆ. ಇಂಗ್ಲಿಷ್ ಅವಧಿಯಲ್ಲಿ ಎಲ್ಲ ಮಕ್ಕಳ ಸ್ಥಿತಿಯೂ ಅದೇ. ಶಾಲೆಯಲ್ಲಿ ನಿಶ್ಶಬ್ದವಾದ ಕೊಠಡಿ ಒಂದೇ ಇದ್ದರೆ ಅದು ಭಾಷೆಯ ಪಾಠಗಳಿಗೆ ಮತ್ತು ಚಿಕ್ಕ ಮಕ್ಕಳಿಗೆ ಸಲ್ಲಬೇಕು. ಅದನ್ನು ಕಚೇರಿಗೆ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಸೆಕೆ, ನೀರು, ಶೌಚಾಲಯ

ಅಮೆರಿಕದ ಸುಮಾರು 1 ಕೋಟಿ ವಿದ್ಯಾರ್ಥಿಗಳ ಪರೀಕ್ಷೆಯ ಅಂಕಗಳನ್ನು ಹವಾಮಾನದ ದಾಖಲೆಗಳ ಜೊತೆಗಿಟ್ಟು ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹವಾನಿಯಂತ್ರಣವಿಲ್ಲದ ಶಾಲೆಗಳಲ್ಲಿ ಶಾಲಾವರ್ಷದ ಸರಾಸರಿ ಉಷ್ಣತೆ 1 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಆ ವರ್ಷದ ಕಲಿಕೆ ಸುಮಾರು ಶೇಕಡ 1ರಷ್ಟು ಕುಗ್ಗುತ್ತದೆಂದು ಕಂಡುಕೊಂಡಿತು. ಕಲಬುರಗಿ, ಯಾದಗಿರಿ, ರಾಯಚೂರಿನ ಶಿಕ್ಷಕರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಫೆಬ್ರವರಿ ಕಳೆದ ಮೇಲೆ ಮಧ್ಯಾಹ್ನದ ಪಾಠವೆಂದರೆ ಸೆಕೆಯೊಂದಿಗಿನ ಹೋರಾಟ. ಎಸ್ಸೆಸ್ಸೆಲ್ಸಿಯ ಪುನರಾವರ್ತನೆ ನಡೆಯುವುದೂ ಅದೇ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಗಣಿತ, ವಿಜ್ಞಾನ, ವ್ಯಾಕರಣ ಇವೆಲ್ಲ ಬೆಳಗಿನ ಅವಧಿಗಳಿಗೆ ಬರಲಿ, ಓದಿಸುವುದು ಮತ್ತು ಚಟುವಟಿಕೆಗಳು ಮಧ್ಯಾಹ್ನಕ್ಕೆ ಹೋಗಲಿ. ಮಾಡಿನ ಮೇಲೆ ಬಿಳಿ ಸುಣ್ಣ ಬಳಿಸುವುದು, ಪಶ್ಚಿಮದ ಗೋಡೆಯ ಹೊರಗೆ ಬೇವು ಅಥವಾ ಹೊಂಗೆ ನೆಡುವುದು, ಹಕ್ಕಿ ಗೂಡು ಕಟ್ಟಿತೆಂದು ಇಟ್ಟಿಗೆ ಇಟ್ಟು ಮುಚ್ಚಿದ ಗೋಡೆಯ ಮೇಲಿನ ಗಾಳಿಗಂಡಿಗಳಿಗೆ ಜಾಲರಿ ಹಾಕಿಸಿ ಮತ್ತೆ ತೆರೆಯುವುದು, ಇವು ಊರಿನವರ ಶ್ರಮದಾನದಿಂದ ಆಗುವ ಕೆಲಸಗಳು. ಸ್ಮಾರ್ಟ್ ಕ್ಲಾಸಿನ ಪರದೆ ಕಾಣಲೆಂದು ಎಲ್ಲ ಕಿಟಕಿ ಮುಚ್ಚಿ ನಲವತ್ತು ಮಕ್ಕಳನ್ನು ಕೂರಿಸಿದರೆ ಅರ್ಧ ಗಂಟೆಯಲ್ಲಿ ಆಕಳಿಕೆ ಶುರುವಾಗುತ್ತದೆ; ಆಗ ಪಾಠ ನಿಲ್ಲಿಸಿ ಎರಡು ನಿಮಿಷ ಬಾಗಿಲು ಕಿಟಕಿ ತೆರೆಯುವುದು ಮಕ್ಕಳನ್ನು ಗದರುವುದಕ್ಕಿಂತ ಫಲಕಾರಿ.

ಕೇರಳದ ಶಾಲೆಗಳಿಂದ ಹಬ್ಬಿದ ‘ನೀರಿನ ಗಂಟೆ’ಯ ಪದ್ಧತಿ ಒಳ್ಳೆಯದು. ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ನೀರು ಕುಡಿಯುತ್ತಾರೆ. ಆದರೆ ಶೌಚಾಲಯ ಬಳಸುವಂತಿಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳು ಆ ಗಂಟೆಗೂ ನೀರು ಕುಡಿಯುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ತಡೆದುಕೊಂಡೇ ಕೂರುತ್ತಾರೆ. ಭಾರತದ ಶಾಲೆಗಳಲ್ಲಿ 2003ರ ಸುಮಾರಿಗೆ ಕಟ್ಟಿದ ಶೌಚಾಲಯಗಳ ಪರಿಣಾಮವನ್ನು ಅಧ್ಯಯನ ಮಾಡಿದ ಷಿಕಾಗೋ ವಿಶ್ವವಿದ್ಯಾಲಯದ ಅಂಜಲಿ ಅದುಕಿಯಾ ಅವರಿಗೆ, ಮೈನೆರೆಯುವ ವಯಸ್ಸಿನ ಹುಡುಗಿಯರ ದಾಖಲಾತಿ ಗಣನೀಯವಾಗಿ ಏರಿದ್ದು ಹುಡುಗಿಯರಿಗೇ ಪ್ರತ್ಯೇಕವಾದ ಶೌಚಾಲಯ ಬಂದ ಶಾಲೆಗಳಲ್ಲಿ ಎಂದು ಕಂಡುಬಂತು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೂ ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಶಿಕ್ಷಕರಿಗೊಂದರಂತೆ ಕೊಠಡಿ ಇರಬೇಕೆಂದು ವಿಧಿಸುತ್ತದೆ. ಎಸ್‌ಡಿಎಂಸಿಯ ತಾಯಂದಿರು ತಿಂಗಳಿಗೊಮ್ಮೆ ಒಳಗೆ ಹೋಗಿ, ಚಿಲಕ ಹಾಕಿಕೊಳ್ಳುತ್ತದೆಯೇ, ನೀರು ಬರುತ್ತದೆಯೇ, ಕಸದ ಬುಟ್ಟಿಯಿದೆಯೇ, ಬೀಗದ ಕೈ ಯಾರ ಬಳಿಯಿದೆ ಎಂದು ನೋಡಬೇಕು. ಬೀಗ ಹಾಕಿ ಅತಿಥಿಗಳಿಗೆಂದು ಇಟ್ಟ ಶೌಚಾಲಯ ದಾಖಲೆಯಲ್ಲಿ ಲೆಕ್ಕಕ್ಕೆ ಬರುತ್ತದೆ, ಹುಡುಗಿಯರ ಹಾಜರಿಗೆ ಬರುವುದಿಲ್ಲ.

ಗೋಡೆಗಳು ಮತ್ತು ಕೂರುವ ಕ್ರಮ

ದಾನಿಗಳು ಬಂದಾಗ ಮೊದಲು ನಡೆಯುವ ಕೆಲಸ ಗೋಡೆಗಳಿಗೆ ಬಣ್ಣ ಮತ್ತು ಚಿತ್ರ. ರೈಲಿನ ಬೋಗಿಯಂತೆ ಬಣ್ಣ ಬಳಿದ ಶಾಲೆಗೆ ಮಕ್ಕಳು ಖುಷಿಯಿಂದ ಬರುತ್ತಾರೆಂಬುದು ನಿಜ, ಆ ಖುಷಿಯನ್ನು ನಾನು ಕಡೆಗಣಿಸುವುದಿಲ್ಲ. ಹೊರಗೋಡೆಯ ಮೇಲೆ ಅದು ಎಷ್ಟಿದ್ದರೂ ಚೆನ್ನ. ಒಳಗೋಡೆಯ ವಿಷಯ ಬೇರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 24 ಪುಟ್ಟ ಮಕ್ಕಳಿಗೆ ಚಿತ್ರಗಳಿಂದ ತುಂಬಿದ ಕೊಠಡಿಯಲ್ಲಿ ಕೆಲವು ಪಾಠಗಳನ್ನೂ ಬೋಳು ಗೋಡೆಯ ಕೊಠಡಿಯಲ್ಲಿ ಕೆಲವು ಪಾಠಗಳನ್ನೂ ಹೇಳಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾಠದಾಚೆಗೆ ಗಮನ ಹರಿದ ಹೊತ್ತು ಚಿತ್ರದ ಕೊಠಡಿಯಲ್ಲಿ ಶೇಕಡ 39ರಷ್ಟಿತ್ತು, ಬೋಳು ಕೊಠಡಿಯಲ್ಲಿ ಶೇಕಡ 28. ಪಾಠದ ನಂತರದ ಪರೀಕ್ಷೆಯಲ್ಲಿ ಸರಿಯುತ್ತರ ಕ್ರಮವಾಗಿ ಶೇಕಡ 42 ಮತ್ತು 55. ಮಕ್ಕಳ ಸಂಖ್ಯೆ ಚಿಕ್ಕದು, ಆದರೆ ಒಂದನೇ ತರಗತಿಗೆ ಪಾಠ ಹೇಳಿದವರಿಗೆ ಇದು ಅನುಭವಕ್ಕೆ ಬಂದ ಮಾತೇ. ಬೋರ್ಡಿನ ಗೋಡೆಯನ್ನು ಪೂರ್ತಿ ಖಾಲಿ ಬಿಡಿ. ಉಳಿದ ಮೂರು ಗೋಡೆಗಳಲ್ಲೂ ಅರ್ಧದಷ್ಟು ಜಾಗ ಖಾಲಿಯಿರಲಿ. ತೂಗುಹಾಕಿದ್ದು ಆ ತಿಂಗಳ ಪಾಠಕ್ಕೆ ಸೇರಿದ್ದಾಗಿರಲಿ, ಸಾಧ್ಯವಾದಷ್ಟು ಮಕ್ಕಳ ಕೈಯದೇ ಆಗಿರಲಿ.

ಈ ಹದವನ್ನು ಚಿಕ್ಕ ತರಗತಿಗಳ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಮ್ಮದೇ ನಲಿ-ಕಲಿ ಪದ್ಧತಿ ಬಹಳ ಹಿಂದೆಯೇ ಕಂಡುಕೊಂಡಿತ್ತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಇದನ್ನು ಆರಂಭಿಸಿದರು. ಮುಂದೆ 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು. ಮಕ್ಕಳ ಕೈಗೆಟುಕುವ ಎತ್ತರದ ಗೋಡೆಹಲಗೆ, ಅವರ ಕೆಲಸವನ್ನು ತೂಗುಹಾಕುವ ಚಪ್ಪರ, ಪ್ರತಿ ಮಗುವೂ ತಾನೆಲ್ಲಿದ್ದೇನೆಂದು ತಾನೇ ನೋಡಿಕೊಳ್ಳುವ ಕಲಿಕಾ ಏಣಿ ಇವೆಲ್ಲ ಪರಿಸರವನ್ನೇ ಪಾಠವಾಗಿಸಿದ ಉಪಾಯಗಳು. ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಹಿಡಿದು ಗೆಳೆಯರ ನೆರವಿನ ಗುಂಪು ಮತ್ತು ಸ್ವಕಲಿಕೆಯ ಗುಂಪಿನವರೆಗೆ ಮಗು ವೃತ್ತದಿಂದ ವೃತ್ತಕ್ಕೆ ಸಾಗುವುದರಿಂದ, ಒಬ್ಬರೇ ಶಿಕ್ಷಕರಿರುವ ಕೊಠಡಿಯಲ್ಲೂ ಯಾರೂ ಸುಮ್ಮನೆ ಕೂರಬೇಕಾಗುವುದಿಲ್ಲ. ಈ ಪದ್ಧತಿ ಸೊರಗಿದ ಕಡೆಗಳಲ್ಲಿ ನಾನು ಕಂಡ ಕಾರಣ ಕಲಿಕೆಯ ಕಾರ್ಡುಗಳು ಹರಿದದ್ದು ಅಥವಾ ಬೀರುವಿನಲ್ಲಿ ಬೀಗ ಬಿದ್ದದ್ದು.

ನಾಲ್ಕನೇ ತರಗತಿಯಿಂದ ಮೇಲೆ ಒಂದೇ ಬಗೆಯ ಕೂರುವ ಕ್ರಮಕ್ಕೆ ಅಂಟಿಕೊಳ್ಳಬೇಕಿಲ್ಲ. ಒಬ್ಬೊಬ್ಬರೇ ಲೆಕ್ಕ ಮಾಡುವಾಗ ಸಾಲು, ಚರ್ಚೆಗೆ ಗುಂಪು, ಕತೆ ಕೇಳುವಾಗ ಅರ್ಧವೃತ್ತ ಚೆನ್ನಾಗಿ ಹೊಂದುತ್ತದೆ. ಡೆಸ್ಕು ಭಾರವಾಗಿದ್ದು ಜರುಗಿಸಲು ಆಗದಿದ್ದರೆ ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ತಿರುಗಿದರೂ ನಾಲ್ವರ ಗುಂಪಾಗುತ್ತದೆ. ಸಾಲುಗಳು ವಾರಕ್ಕೊಮ್ಮೆ ಹಿಂದುಮುಂದಾಗಿ ಬದಲಾಗಲಿ, ಕಣ್ಣು ಕಿವಿಯ ತೊಂದರೆಯಿರುವವರನ್ನು ಬಿಟ್ಟು. ಮಕ್ಕಳು ತಾವಾಗಿಯೇ ಕುಳಿತಾಗ ಕೇರಿಗೊಂದು ಸಾಲಾಗುತ್ತಿದೆಯೇ ಎಂಬುದನ್ನು ಶಿಕ್ಷಕರು ಕಣ್ಣಿಟ್ಟು ನೋಡಬೇಕು. ಊರಿನ ಗೆರೆಗಳು ತರಗತಿಯ ಒಳಗೂ ಮೂಡಿದ್ದರೆ ಕೊನೆಯ ಸಾಲಿನ ಮಗುವಿಗೆ ಪಾಠದ ಬಗ್ಗೆ ಮೊದಲೇ ಒಂದು ಉತ್ತರ ಸಿಕ್ಕಿಬಿಟ್ಟಿರುತ್ತದೆ.

ಮಾತು, ನಿರೀಕ್ಷೆ, ಅಂಜಿಕೆ

ಕಣ್ಣಿಗೆ ಕಾಣದ ಪರಿಸರ ಇದು, ಮತ್ತು ಇದನ್ನು ಸರಿಪಡಿಸಲು ಅನುದಾನಕ್ಕೆ ಕಾಯಬೇಕಾಗಿಲ್ಲ. ಅಮೆರಿಕದ ಸಂಶೋಧಕರಾದ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್ಸನ್ 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯೊಂದರಲ್ಲಿ, ಯಾವುದೇ ಆಧಾರವಿಲ್ಲದೆ ಆಯ್ದ ಐದರಲ್ಲೊಂದು ಪಾಲು ಮಕ್ಕಳನ್ನು ತೋರಿಸಿ, ‘ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ’ ಎಂದು ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ ಒಂದನೇ ಮತ್ತು ಎರಡನೇ ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಉಳಿದವರಿಗಿಂತ ಹೆಚ್ಚು ಮುಂದೆ ಬಂದಿದ್ದರು. ಆ ಪರಿಣಾಮ ಎಷ್ಟು ದೊಡ್ಡದೆಂಬುದರ ಬಗ್ಗೆ ಆಮೇಲೆ ಸಾಕಷ್ಟು ವಾದ ನಡೆದಿದೆ. ಮುಂದಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ತಿಳಿದ ಒಂದು ಸಂಗತಿ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ: ಶಿಕ್ಷಕರಿಗೆ ಮಕ್ಕಳ ಪರಿಚಯ ಎರಡು ವಾರಕ್ಕಿಂತ ಹೆಚ್ಚಾಗಿದ್ದಲ್ಲಿ ಹೊರಗಿನವರು ತುಂಬಿದ ಅಭಿಪ್ರಾಯಕ್ಕೆ ಬೆಲೆ ಅಷ್ಟಾಗಿ ಉಳಿಯುತ್ತಿರಲಿಲ್ಲ.

ಹೀಗಾಗಿ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಒಂದು ನಿಯಮ ಮಾಡಿಕೊಳ್ಳಬಹುದು. ಹೊಸ ತರಗತಿಯ ಶಿಕ್ಷಕರಿಗೆ ಮೊದಲ ಎರಡು ವಾರ ಹಳೆಯ ಅಂಕಪಟ್ಟಿಯನ್ನು ಕೊಡಬಾರದು, ಹಿಂದಿನ ವರ್ಷದ ಶಿಕ್ಷಕರು ‘ಅವನು ಬಿಡಿ, ಅವರಣ್ಣನೂ ಹಾಗೇ ಇದ್ದ’ ಎಂದು ಸಿಬ್ಬಂದಿ ಕೊಠಡಿಯಲ್ಲಿ ಹೇಳಬಾರದು. ಆರೋಗ್ಯದ ವಿಷಯ, ಮನೆಯ ಸಂಕಷ್ಟ ಇವು ಮಾತ್ರ ಮೊದಲ ದಿನವೇ ತಿಳಿಯಬೇಕು. ಎರಡು ವಾರ ತಾವೇ ಕಂಡ ಮೇಲೆ ಅಂಕಪಟ್ಟಿಯನ್ನು ನೋಡಿದರೆ ಅದು ಹಣೆಬರಹವಾಗಿ ಕಾಣದೆ, ಮಗು ಎಲ್ಲಿ ತೊಡರಿದೆ ಎಂಬುದರ ಗುರುತಾಗಿ ಕಾಣುತ್ತದೆ. ‘ದಡ್ಡರ ಸಾಲು’ ಎಂಬ ಮಾತು ಶಾಲೆಯ ಆವರಣದಲ್ಲಿ ಯಾರ ಬಾಯಲ್ಲೂ ಬರಕೂಡದು. ಮಕ್ಕಳನ್ನು ಮಟ್ಟಕ್ಕೆ ತಕ್ಕಂತೆ ದಿನಕ್ಕೊಂದು ಗಂಟೆ ಬೇರೆ ಕೂರಿಸಿ ಓದುಬರಹ ಕಲಿಸುವುದು ಒಳ್ಳೆಯದೇ. ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ಊರಿನ ಯುವತಿಯರಿಂದ ದಿನವೂ ಪಾಠ ಹೇಳಿಸಿದಾಗ ಗಣನೀಯ ಸುಧಾರಣೆ ಕಂಡಿತ್ತು. ಆದರೆ ಆ ಗುಂಪಿಗೆ ಹೂವಿನದೋ ನದಿಯದೋ ಹೆಸರಿಡಿ, ಕಲಿತ ಕೂಡಲೇ ಮುಂದಿನ ಗುಂಪಿಗೆ ಕಳುಹಿಸಿ, ಮಗು ಅಲ್ಲಿಯೇ ಬೇರು ಬಿಡಲು ಬಿಡಬೇಡಿ.

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಳೆದಾಗ ಅದು ಸರಾಸರಿ ಒಂದು ಸೆಕೆಂಡಿನಷ್ಟಿತ್ತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿಬಿಡದ ಮಕ್ಕಳೂ ಮಾತಾಡಿದರು. ಮನಸ್ಸಿನಲ್ಲಿ ನಿಧಾನವಾಗಿ ಮೂರರವರೆಗೆ ಎಣಿಸಿ ಆಮೇಲೆ ಹೆಸರು ಕರೆಯಿರಿ. ಮೊದಲೇ ಹೆಸರು ಕರೆದರೆ ಉಳಿದವರೆಲ್ಲ ಯೋಚಿಸುವುದನ್ನು ಬಿಟ್ಟುಬಿಡುತ್ತಾರೆ. ತಪ್ಪು ಉತ್ತರ ಬಂದಾಗ ‘ಈ ಉತ್ತರ ಹೇಗೆ ಬಂತು, ಹೇಳಪ್ಪ’ ಎಂದು ಕೇಳುವ ತರಗತಿಯಲ್ಲಿ ಕೈಗಳು ಏಳುತ್ತವೆ, ನಗುವ ತರಗತಿಯಲ್ಲಿ ಏಳುವುದಿಲ್ಲ. ಮನೆಮಾತಿನಲ್ಲೋ ಊರಿನ ಆಡುಗನ್ನಡದಲ್ಲೋ ಮಗು ಉತ್ತರ ಕೊಟ್ಟರೆ ಮೊದಲು ವಿಷಯವನ್ನು ಒಪ್ಪಿಕೊಂಡು, ಆಮೇಲೆ ಪುಸ್ತಕದ ಮಾತನ್ನು ಜೊತೆಗೆ ಕೊಡಬೇಕು. ಬೆತ್ತದ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮತ್ತು ಹೆದರಿದ ಮಗು ಹೊಡೆತ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆಯೇ ಹೊರತು ಭಿನ್ನರಾಶಿಯನ್ನಲ್ಲ.

ಮನೆಯ ಒಂದು ಮೂಲೆ

ಪಾಲಕರ ಸಭೆಯಲ್ಲಿ ‘ಮಕ್ಕಳಿಗೆ ಓದುವ ಕೋಣೆ ಕೊಡಿ’ ಎನ್ನುವುದು ಒಂದೇ ಕೋಣೆಯ ಮನೆಯವರನ್ನು ನೋಯಿಸುವ ಮಾತು. ಕೇಳಬೇಕಾದದ್ದು ಕೊಡಲು ಸಾಧ್ಯವಾಗುವಷ್ಟೇ ಇರಬೇಕು: ದಿನವೂ ಒಂದೇ ಜಾಗ, ಒಂದೇ ಹೊತ್ತು, ಒಂದು ಗಂಟೆ ಟಿವಿ ಬಂದ್, ಮನೆಯ ಫೋನು ಮಗುವಿನಿಂದ ದೂರ, ದೀಪ ಪುಸ್ತಕದ ಮೇಲೆ ಬೀಳುವಂತೆ. ಓದುಬಾರದ ತಾಯಿಯೂ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕುಳಿತು ‘ಇವತ್ತೇನು ಓದಿದೆ, ನನಗೊಂದಿಷ್ಟು ಹೇಳು’ ಎಂದು ಕೇಳಬಹುದು. ಹೇಳಿಕೊಡುವಾಗಲೇ ಮಗುವಿಗೆ ತನಗೆ ಏನು ತಿಳಿದಿಲ್ಲವೆಂಬುದು ತಿಳಿಯುತ್ತದೆ. ಮನೆಯಲ್ಲಿ ಅಷ್ಟೂ ಸಾಧ್ಯವಿಲ್ಲದ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇದೆ. ಹಳೆಯ ಪಂಚಾಯಿತಿ ಗ್ರಂಥಾಲಯಗಳೇ ಈಗ ಆ ಹೆಸರಿನಲ್ಲಿ ನಡೆಯುತ್ತಿವೆ. ಸಂಜೆ ಎಷ್ಟು ಹೊತ್ತಿನವರೆಗೆ ಅದು ತೆರೆದಿರುತ್ತದೆ, ಹುಡುಗಿಯರು ಹೋಗಿಬರುವ ದಾರಿಯಲ್ಲಿ ಬೀದಿದೀಪ ಉರಿಯುತ್ತದೆಯೇ ಎಂಬುದನ್ನು ಎಸ್‌ಡಿಎಂಸಿ ಪಂಚಾಯಿತಿ ಸದಸ್ಯರೊಂದಿಗೆ ಕುಳಿತು ಇತ್ಯರ್ಥ ಮಾಡಬೇಕು.

ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಬೆಳಗಿನ ಜಾವ ಮಕ್ಕಳಿಗೆ ಫೋನು ಮಾಡಿ ಎಬ್ಬಿಸುವ ಶಿಕ್ಷಕರ ಕಾಳಜಿಯನ್ನು ನಾನು ನಿಜವಾಗಿ ಗೌರವಿಸುತ್ತೇನೆ. ಆದರೆ ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಓದಿಸಿ ನಾಲ್ಕಕ್ಕೆ ಎಬ್ಬಿಸಿದರೆ ಮರುದಿನದ ತರಗತಿಯೇ ಹಾಳಾಗುತ್ತದೆ. ಬೆಳಗಿನ ಕರೆ ಮಾಡುವುದಾದರೆ ರಾತ್ರಿ ಒಂಬತ್ತಕ್ಕೆ ‘ಪುಸ್ತಕ ಮುಚ್ಚು’ ಎಂಬ ಕರೆಯೂ ಇರಲಿ.

ಬದಲಾವಣೆಯನ್ನು ಅಳೆಯುವುದು

ಒಂದೇ ತಿಂಗಳಲ್ಲಿ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕೀನ್ಯಾದ ಹಳ್ಳಿಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟು ಅಳೆದಾಗ, ಮೊದಲೇ ಚೆನ್ನಾಗಿ ಓದುತ್ತಿದ್ದವರಿಗೆ ಮಾತ್ರ ಉಪಯೋಗವಾಗಿತ್ತು; ಇಂಗ್ಲಿಷಿನಲ್ಲಿದ್ದ ಆ ಪುಸ್ತಕವನ್ನು ಉಳಿದ ಬಹುಪಾಲು ಮಕ್ಕಳು ಓದಲಾರದವರಾಗಿದ್ದರು. ಅಳೆಯದೆ ಹೋಗಿದ್ದರೆ ಎಲ್ಲರಿಗೂ ಒಳ್ಳೆಯದಾಯಿತೆಂದೇ ವರದಿಯಾಗುತ್ತಿತ್ತು. ನಮ್ಮ ಅಳತೆ ಸರಳವಾಗಿದ್ದರೆ ಸಾಕು. ಒಂದು ಕೊಠಡಿಯಲ್ಲಿ ಒಂದು ಬದಲಾವಣೆ ಮಾಡುವ ಮೊದಲ ವಾರ ಮತ್ತು ಮಾಡಿದ ಆರನೇ ವಾರ, ಬೋರ್ಡಿನ ಹತ್ತು ಸಾಲನ್ನು ಕೊನೆಯ ಸಾಲಿನ ಮಕ್ಕಳು ಎಷ್ಟು ನಿಮಿಷದಲ್ಲಿ ತಪ್ಪಿಲ್ಲದೆ ಇಳಿಸಿಕೊಂಡರು, ಒಂದು ಅವಧಿಯಲ್ಲಿ ಎಷ್ಟು ಬೇರೆ ಬೇರೆ ಮಕ್ಕಳು ಬಾಯಿಬಿಟ್ಟರು, ಮಧ್ಯಾಹ್ನದ ಹಾಜರಿ ಬೆಳಗಿನ ಹಾಜರಿಗಿಂತ ಎಷ್ಟು ಕಡಿಮೆ, ಗೊತ್ತಿಲ್ಲದ ಪುಟವೊಂದನ್ನು ಪ್ರತಿ ಮಗು ಹೇಗೆ ಓದಿತು ಎಂಬ ನಾಲ್ಕು ಸಂಗತಿಗಳನ್ನು ಬರೆದಿಡಿ. ಇದಕ್ಕೆ ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಅದು ಬೀರುವಿನೊಳಗೆ ಸೇರದೆ ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿರಲಿ. ಎಸ್‌ಡಿಎಂಸಿ ಸಭೆಯಲ್ಲಿ ಅದರ ಪುಟಗಳನ್ನು ಗಟ್ಟಿಯಾಗಿ ಓದಿ, ಮುಂದಿನ ತಿಂಗಳು ಯಾವ ಕೊಠಡಿಯ ಯಾವ ಮೂಲೆಗೆ ಕೈಹಾಕಬೇಕೆಂದು ಗೊತ್ತುಮಾಡಿ, ಸದಸ್ಯರಲ್ಲೊಬ್ಬರು ಮರುದಿನ ಬೆಳಗ್ಗೆ ಬಂದು ಆ ಮೂಲೆಯಲ್ಲಿ ಒಂದು ಅವಧಿ ಕುಳಿತುಕೊಳ್ಳಲಿ.